ಪುಟ್ಟ ಗಿಟಾರ್ ಮತ್ತು ಬೀಟೆಯ ಋಣ



ಮಲೆನಾಡಿನ ಮನೆಗಳಲ್ಲಿ ಬೀಟೆಯೆಂದರೆ ಮಂಚ, ತೊಟ್ಟಿಲು, ಪೆಟ್ಟಿಗೆ. ಅದೇ ಮರ ಕಡಲಾಚೆ ಗಿಟಾರ್ ಆಗಿ ನುಡಿಯುತ್ತಿರುವ ಸಂಗತಿ ಇಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಬ್ರೆಜಿಲಿನ ಬೀಟೆ ದುರ್ಲಭವಾದಾಗ, 1960ರ ದಶಕದ ಕೊನೆಯಲ್ಲಿ, ಅಮೆರಿಕದ ಮಾರ್ಟಿನ್ ಸಂಸ್ಥೆ ಭಾರತದ ಬೀಟೆಯತ್ತ ತಿರುಗಿತು. ಅಂದಿನಿಂದ ಕುಶಲಕರ್ಮಿ ಕೈಯಾರೆ ಕಟ್ಟಿದ ಗಿಟಾರನ್ನು ಕೊಳ್ಳುವ ವಿಚಾರವು ಪಶ್ಚಿಮ ಘಟ್ಟದ ಕಾಡಿಗೂ ಸೇರಿದ್ದಾಗಿದೆ.

19ನೆಯ ಶತಮಾನದ ಗಿಟಾರ್ ಪುಟ್ಟದಾಗಿತ್ತು. ಪಡಸಾಲೆಯಲ್ಲಿ ನಾಲ್ಕು ಜನರೆದುರು ನುಡಿಸುವ ವಾದ್ಯವಾಗಿತ್ತು. ಬೇರೆ ವಾದ್ಯಗಳ ಗದ್ದಲದ ನಡುವೆಯೂ ಕೇಳಿಸಲೆಂದು 20ನೆಯ ಶತಮಾನದಲ್ಲಿ ಅದರ ಒಡಲು ಹಿಗ್ಗಿತು. ಪುಟ್ಟ ಗಿಟಾರಿನ ಅತಿ ಅಗಲದ ಭಾಗ ಸುಮಾರು 34 ಸೆಂಟಿಮೀಟರ್. ದೊಡ್ಡದರದು ಸುಮಾರು 40. ಪುಟ್ಟದರಲ್ಲಿ ಮಂದ್ರದ ಗಾಂಭೀರ್ಯ ಕಡಿಮೆ. ಆದರೆ ಬೆರಳಿನ ಮೃದು ಮೀಟಿಗೂ ಅದು ಥಟ್ಟನೆ ಓಗೊಡುತ್ತದೆ. ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಮನೆಯಲ್ಲಿ ನುಡಿಸುವವನಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ನಾದದ ಮೂಲ ಮೇಲ್ಹಲಗೆ. ಸ್ಪ್ರೂಸ್ ಮರದ ಆ ಹಲಗೆಯ ದಪ್ಪ 3 ಮಿಲಿಮೀಟರ್ ಆಸುಪಾಸು. ಉಕ್ಕಿನ ತಂತಿಗಳ ಎಳೆತವಾದರೋ ಸುಮಾರು 70 ಕಿಲೋ ಭಾರಕ್ಕೆ ಸಮ. ದಪ್ಪ ಹೆಚ್ಚಾದರೆ ನಾದ ಮಂಕಾಗುತ್ತದೆ, ಕಡಿಮೆಯಾದರೆ ಹಲಗೆ ಬಾಗುತ್ತದೆ. ಕುಶಲಕರ್ಮಿಯು ಹೆರೆದು, ಬೆರಳಿನಿಂದ ತಟ್ಟಿ, ಆಲಿಸಿ ಆ ಹದವನ್ನು ಕಾಣುತ್ತಾನೆ. ಹಿಂಬದಿಗೂ ಪಕ್ಕಗಳಿಗೂ ಬೀಟೆಯೇ ಆಗಬೇಕೆಂಬ ನಂಬಿಕೆಗೆ ಸ್ಪೇನಿನ ಆಂಟೋನಿಯೊ ಟೋರೆಸ್ 1862ರಲ್ಲಿಯೇ ಉತ್ತರ ಕೊಟ್ಟಿದ್ದಾನೆ. ಮೇಲ್ಹಲಗೆಯನ್ನು ಮಾತ್ರ ಮರದಿಂದ ಮಾಡಿ, ಉಳಿದ ಒಡಲನ್ನು ಕಾಗದದ ರಟ್ಟಿನಿಂದ ಕಟ್ಟಿದ ಅವನ ಗಿಟಾರ್ ಇಂದಿಗೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ.

ಬೀಟೆಯ ಸೊಬಗನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅದು ನಿಧಾನವಾಗಿ ಬೆಳೆಯುವ ಮರ. 2017ರ ಜನವರಿಯಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರವು ಸೈಟಿಸ್ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿತು. 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ದಿಮ್ಮಿಗೂ ಹಲಗೆಗೂ ದೊರೆಯಲಿಲ್ಲ. ಹೀಗಾಗಿ ಮರ ಎಲ್ಲಿಯದೆಂಬ ಪ್ರಶ್ನೆಯನ್ನು ವಾದ್ಯ ಕೊಳ್ಳುವವನೇ ಕೇಳಬೇಕಾಗಿದೆ. ದೊಡ್ಡ ಗಿಟಾರಿಗೆ ಅಗಲ ಸಾಲದ ಹಲಗೆ, ಹಳೆಯ ಮನೆಯ ತೊಲೆ, ಮುರಿದ ಮಂಚದ ಪಟ್ಟಿ ಇವೆಲ್ಲ ಪುಟ್ಟ ಒಡಲಿಗೆ ಒದಗಬಲ್ಲವು.

ಕೊಂಡ ಮೇಲೆ ಕಾಯುವ ಹೊಣೆಯೂ ಇದೆ. ವಾದ್ಯಕ್ಕೆ ಹಿತವಾದದ್ದು ಶೇಕಡಾ 45ರಿಂದ 55ರಷ್ಟು ತೇವಾಂಶ. ಮಲೆನಾಡಿನ ಆಷಾಢದ ತೇವಕ್ಕೆ ಮೇಲ್ಹಲಗೆ ಉಬ್ಬಿ, ತಂತಿಗಳು ಮೇಲೆದ್ದು, ಬೆರಳು ನೋಯುತ್ತದೆ. ಒಣಹವೆಗೆ ಹಲಗೆ ಸೀಳುತ್ತದೆ. ಥಂಡಿ ಗೋಡೆಗೆ ತೂಗುಹಾಕದೆ ಪೆಟ್ಟಿಗೆಯಲ್ಲಿಟ್ಟು, ಸೀಳು ಕಂಡಾಗ ಬೆಸೆಸಿಕೊಂಡರೆ ಅದು ಮೊಮ್ಮಕ್ಕಳ ಕೈಗೂ ಬರುತ್ತದೆ.

ನೂರು ವರ್ಷ ಬೆಳೆದ ಮರವನ್ನು ಹತ್ತು ವರ್ಷದಲ್ಲಿ ಅಟ್ಟಕ್ಕೆಸೆಯುವುದು ಅನ್ಯಾಯ.  ಅದರ ಋಣ ತೀರುವುದು ದಿನವೂ ನುಡಿಸುವುದರಿಂದ, ಇನ್ನೊಂದನ್ನು ಕಡಿಸದಿರುವುದರಿಂದ.