ಆಲ್ಸೇಶಿಯನ್ ಮರಿ ತರುವ ಮೊದಲು

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಉಪನ್ಯಾಸ)



ಹಸುವಿನ ಮಾತು ಬಿಟ್ಟು ಡಾಕ್ಟರು ನಾಯಿಯ ಮಾತಿಗೆ ಯಾಕೆ ಬಂದರು ಎನ್ನಬೇಡಿ. ಕೊಟ್ಟಿಗೆ, ತೋಟ ಕಾಯಲೆಂದು ನಿಮ್ಮಲ್ಲಿ ಹಲವರು ಆಲ್ಸೇಶಿಯನ್ ಸಾಕಿದ್ದೀರಿ. ಹೆಣ್ಣು ನಾಯಿ ಇದ್ದವರು ಕೂಡಿಸಿ ಮರಿ ಮಾರುವುದೂ ಉಂಟು. ಹಸು ಬೆದೆಗೆ ಬಂದರೆ ಯಾವ ಹೋರಿಯ ವೀರ್ಯ, ಅದರ ತಾಯಿ ಎಷ್ಟು ಹಾಲು ಕೊಟ್ಟಿತ್ತು ಎಂದು ವಿಚಾರಿಸುವ ನೀವೇ, ನಾಯಿಯ ವಿಷಯದಲ್ಲಿ ಪಕ್ಕದೂರಿನ ಗಂಡಿಗೆ ಕಿವಿ ನೆಟ್ಟಗಿದ್ದರೆ ಸಾಕೆನ್ನುತ್ತೀರಿ.

ಇದು ಮೂಲತಃ ಜರ್ಮನಿಯ ಕುರಿ ಕಾಯುವ ನಾಯಿ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೇನಾಧಿಕಾರಿ ಇದಕ್ಕೊಂದು ತಳಿ ಸಂಘ ಕಟ್ಟಿದರು. ಅವರು ನೋಡಿದ್ದು ನಾಯಿಯ ಕೆಲಸವನ್ನು, ಅಂದವನ್ನಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನಿಯ ಹೆಸರು ಬೇಡವಾಗಿ ಇಂಗ್ಲಿಷರು ಆಲ್ಸೇಶಿಯನ್ ಎಂದರು. ನಮ್ಮಲ್ಲಿ ಅದೇ ಉಳಿಯಿತು.

ಈ ತಳಿಯ ದೊಡ್ಡ ತೊಂದರೆ ಸೊಂಟದ ಕೀಲಿನದು. ಹಳೇ ಬಾಗಿಲಿನ ತಿರುಗುಣಿ ಗುಳಿಯಲ್ಲಿ ಕೂರುವಂತೆ, ತೊಡೆ ಮೂಳೆಯ ಗುಂಡು ತಲೆ ಸೊಂಟದ ಗುಳಿಯಲ್ಲಿ ಬಿಗಿಯಾಗಿ ಕೂರಬೇಕು. ಗುಳಿ ಆಳವಿಲ್ಲದಿದ್ದರೆ ಕೀಲು ಸಡಿಲವಾಗಿ, ಸವೆದು, ನೋವು ಶುರುವಾಗುತ್ತದೆ. ಮರಿ ಹುಟ್ಟಿದಾಗ ಏನೂ ಕಾಣದು. ಆರೆಂಟು ತಿಂಗಳಿಗೆ ಮೊಲದಂತೆ ಎರಡೂ ಹಿಂಗಾಲು ಒಟ್ಟಿಗೆ ಎತ್ತಿಡುತ್ತದೆ, ಏಳಲು ಕಷ್ಟಪಡುತ್ತದೆ. ಕೆಲವಕ್ಕೆ ವರ್ಷಗಟ್ಟಲೆ ಗೊತ್ತಾಗುವುದೇ ಇಲ್ಲ. ಅಷ್ಟರೊಳಗೆ ಅವು ಮರಿ ಹಾಕಿಯೂ ಆಗಿರುತ್ತದೆ. ಎದ್ದು ನಿಲ್ಲಲಾರದ ನಾಯಿಯನ್ನು ಗೋಣಿಚೀಲದ ಮೇಲೆ ಹೊತ್ತು ತರುವವರಿಗೆ ನಾವು ಹೆಚ್ಚೇನೂ ಮಾಡಲಾಗದು, ನೋವಿನ ಮಾತ್ರೆ ಕೊಡುತ್ತೇವೆ ಅಷ್ಟೆ.

ಇದು ರಕ್ತದಲ್ಲಿ ಬರುವಂಥದ್ದು. ಆದ್ದರಿಂದ ಕೂಡಿಸುವ ಮೊದಲು ಗಂಡು, ಹೆಣ್ಣು ಎರಡಕ್ಕೂ ಸೊಂಟದ ಎಕ್ಸ್‌ರೇ ಆಗಬೇಕು. ಎರಡು ವರ್ಷ ತುಂಬಿದ ಮೇಲೆ ತೆಗೆಸಿದರೆ ಫಲಿತಾಂಶ ನಂಬಬಹುದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ಮತ್ತು ನಗರದ ಖಾಸಗಿ ಚಿಕಿತ್ಸಾಲಯಗಳಲ್ಲಿ ವಿಚಾರಿಸಿ. ತಂದೆತಾಯಿ ಎರಡೂ ಚೆನ್ನಾಗಿದ್ದರೂ ಒಂದೊಂದು ಮರಿ ತಪ್ಪಬಹುದು, ಆದರೆ ಅಂಥವು ಕಡಿಮೆ. ಮುದಿತನದಲ್ಲಿ ಹಿಂಗಾಲು ಸೋಲಿಸುವ ಬೆನ್ನುಹುರಿ ರೋಗ ಇನ್ನೊಂದಿದೆ. ಅದರ ಜೀನ್ 2009ರಲ್ಲಿ ಪತ್ತೆಯಾಯಿತು, ಕೆನ್ನೆಯೊಳಗಿನ ಎಂಜಲು ಒರೆಸಿ ಪರೀಕ್ಷಿಸುತ್ತಾರೆ.

ಇನ್ನು ನಮ್ಮ ಹೈನುಗಾರರೇ ಮಾಡುವ ಕೆಲಸ. ಮನೆಯಲ್ಲಿ ಹಾಲಿದೆ ಎಂದು ಮರಿಗೆ ಹೊಟ್ಟೆ ಬಿರಿಯುವಷ್ಟು ಕುಡಿಸುತ್ತೀರಿ, ಹಸುವಿಗೆ ತಂದ ಕ್ಯಾಲ್ಸಿಯಂ ಟಾನಿಕ್ ಎರಡು ಚಮಚ ಹಾಕುತ್ತೀರಿ. ದೊಡ್ಡ ತಳಿಯ ಮರಿಗೆ ಹೆಚ್ಚಿನ ಕ್ಯಾಲ್ಸಿಯಂ ಮೂಳೆಯನ್ನೇ ಕೆಡಿಸುತ್ತದೆ. ಬೇಗ ಕೊಬ್ಬಿದ ಮರಿಯ ಸಡಿಲ ಕೀಲು ಇನ್ನಷ್ಟು ಬೇಗ ಕೆಡುತ್ತದೆ. ಪಕ್ಕೆಲುಬು ಕೈಗೆ ಸಿಗುವಂತಿರಲಿ.

ಅದಕ್ಕಿಂತ ಅಪಾಯ ಐವರ್ಮೆಕ್ಟಿನ್. ಹಸುವಿನ ಉಣ್ಣೆಗೆ ತಂದ ಇಂಜೆಕ್ಷನ್ ಸೀಸೆಯಲ್ಲಿ ಉಳಿದದ್ದನ್ನು ನಾಯಿಗೂ ಚುಚ್ಚುವವರಿದ್ದಾರೆ. ಕುರಿ ಕಾಯುವ ತಳಿಗಳಲ್ಲಿ, ಮುಖ್ಯವಾಗಿ ಕಾಲಿಯಲ್ಲಿ, ಸ್ವಲ್ಪ ಮಟ್ಟಿಗೆ ಆಲ್ಸೇಶಿಯನ್‌ನಲ್ಲೂ, ಎಂ.ಡಿ.ಆರ್.1 ಎಂಬ ಜೀನಿನ ದೋಷವಿರುತ್ತದೆ. 2001ರಲ್ಲಿ ಅಮೆರಿಕದಲ್ಲಿ ಇದು ತಿಳಿದುಬಂತು. ಅಂಥ ನಾಯಿಯಲ್ಲಿ ಔಷಧ ಮಿದುಳಿಗೆ ಸೇರುತ್ತದೆ. ಹಸುವಿಗೆ ಕೊಡುವುದು ಕಿಲೋ ತೂಕಕ್ಕೆ 200 ಮೈಕ್ರೋಗ್ರಾಂ. ದೋಷವಿರುವ ನಾಯಿ 100ಕ್ಕೇ ತೂರಾಡಿ, ಜೊಲ್ಲು ಸುರಿಸಿ, ಕಣ್ಣು ಕಾಣದೆ ಬೀಳಬಹುದು. ಇದಕ್ಕೆ ಪ್ರತಿಮದ್ದಿಲ್ಲ. ಮಿಶ್ರತಳಿ ಮರಿಗೂ ಈ ದೋಷ ಇಳಿದಿರಬಹುದು. ವೈದ್ಯರನ್ನು ಕೇಳದೆ ಕೊಡಲೇಬೇಡಿ. ಈ ದೋಷಕ್ಕೂ ಎಂಜಲಿನ ಪರೀಕ್ಷೆ ಇದೆ.

ಮರಿ ಮಾರುವವರಿಗೆ 2017ರ ಕೇಂದ್ರದ ನಿಯಮ ಅನ್ವಯಿಸುತ್ತದೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು. ಹೆಣ್ಣಿಗೆ 18 ತಿಂಗಳು ತುಂಬಿರಬೇಕು, ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ ಐದು. ಎಂಟು ವಾರದೊಳಗಿನ ಮರಿ ಮಾರುವಂತಿಲ್ಲ. ಎಕ್ಸ್‌ರೇ ನೋಡಿ ಕೂಡಿಸುವುದಾದರೆ 18 ತಿಂಗಳಿಗೂ ಅವಸರ ಬೇಡ ಎಂಬುದು ನನ್ನ ಅಭಿಪ್ರಾಯ.

ಕೊಳ್ಳುವವರು ಮೊದಲು ತಾಯಿಯನ್ನು ನೋಡಿ. ಅದನ್ನು ಎಬ್ಬಿಸಿ ನಡೆಸಿ, ಬೆದರುತ್ತದೆಯೋ ಕಚ್ಚಲು ಬರುತ್ತದೆಯೋ ಗಮನಿಸಿ, ಆಮೇಲೆ ಎಕ್ಸ್‌ರೇ ಕೇಳಿ. "ನಮ್ಮ ನಾಯಿಗೆ ಅದೆಲ್ಲ ಬೇಕಿಲ್ಲ ಸ್ವಾಮಿ" ಎಂದರೆ ಬೇರೆ ಮನೆ ನೋಡಿ. ಮರಿ ತಂದ ಮೇಲೆ ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಮುಂದೆ ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಬೂಸ್ಟರ್. ಲಸಿಕೆ ಚೀಟಿಯನ್ನು ಹಸುಗಳ ವಿಮಾ ಪತ್ರದ ಜೊತೆಗೇ ಇಟ್ಟುಕೊಳ್ಳಿ.