ಗಣೇಶರ ಕೈಗೆ ಸ್ಟಿಕ್ ಕೊಟ್ಟವರು ಯಾರು?



ಈ ಉಪನ್ಯಾಸ ಮಾಲೆಯಲ್ಲಿ ವಚನಗಳ ಮಾತು, ದಾಸರ ಪದಗಳ ಮಾತು, ಶಾಸನಗಳ ಮಾತು ಕೇಳಿದ್ದೀರಿ. ಹಾಕಿ ಆಟಗಾರನೊಬ್ಬನ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘದ ಹಿರಿಯರು ತಕ್ಷಣ ಒಪ್ಪಿದರು. ಅವರಿಗೆ ಶರಣು. ಕಾವೇರಿ ಹುಟ್ಟುವ ಕೊಡಗು ಎಲ್ಲಿ, ಕೃಷ್ಣೆ ತುಂಗಭದ್ರೆಯರ ನಡುವಿನ ನಮ್ಮ ಎಡೆದೊರೆ ಎಲ್ಲಿ! ಆದರೂ ಎಂ.ಪಿ. ಗಣೇಶ್ ಅವರ ಬದುಕಿನಲ್ಲಿ ನಮ್ಮ ಈ ಶಾಂತಿನಗರದ ಮಕ್ಕಳಿಗೆ ಬೇಕಾದ ಮಾತೊಂದಿದೆ.

ಅವರ ಸಾಧನೆ ನಿಮಗೆ ಗೊತ್ತಿರುವುದೇ. ಮೊಳ್ಳೇರ ಪೂವಯ್ಯ ಗಣೇಶ್ 1946ರಲ್ಲಿ ಕೊಡಗಿನಲ್ಲಿ ಹುಟ್ಟಿದರು. 1971ರಲ್ಲಿ ಬಾರ್ಸಿಲೋನಾದ ಮೊದಲ ವಿಶ್ವಕಪ್‌ನಲ್ಲಿ ಕಂಚು, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು. 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕರಾಗಿ ಬೆಳ್ಳಿ. ಅರ್ಜುನ ಪ್ರಶಸ್ತಿ, 2020ರಲ್ಲಿ ಪದ್ಮಶ್ರೀ. ಇಷ್ಟು ಸಾಕು. ನಾನು ನಿಲ್ಲಬೇಕೆಂದಿರುವುದು ಇವುಗಳಿಗೂ ಹಿಂದಿನ ಒಂದು ಸಂಗತಿಯ ಬಳಿ.

ರಾಯಚೂರಿನ ನನ್ನ ಗೆಳೆಯರೊಬ್ಬರು ಬಹಳ ವರ್ಷದಿಂದ ಒಂದೇ ಮಾತು ಹೇಳುತ್ತಾರೆ: ಹಾಕಿ ಕೊಡಗಿನವರ ರಕ್ತದಲ್ಲಿದೆ, ನಮ್ಮ ಎರೆಮಣ್ಣಿನಲ್ಲಿ ಅದು ಹುಟ್ಟುವುದಿಲ್ಲ. ಗಣೇಶ್, ಗೋವಿಂದ, ಸೋಮಯ್ಯ ಎಂದು ಬೆರಳು ಮಡಿಸುತ್ತಾರೆ. ಅಷ್ಟು ಪುಟ್ಟ ಜಿಲ್ಲೆಯಿಂದ ಅಷ್ಟು ಮಂದಿ ಬಂದದ್ದು ಸುಳ್ಳಲ್ಲ. ಆದರೆ ಅದಕ್ಕೆ ರಕ್ತ ಕಾರಣ ಎಂಬುದನ್ನು ನಾನು ಒಪ್ಪುವುದಿಲ್ಲ. ನನ್ನ ಸಾಕ್ಷಿ ಸ್ವತಃ ಗಣೇಶರೇ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಅವರು ಕೊಡಗು ಜಿಲ್ಲೆಗೆ ಆಡಿದ್ದು ಫುಟ್‌ಬಾಲ್! ಹಾಕಿ ಹಿಡಿದದ್ದು ಸೇನೆಗೆ ಸೇರಿದ ಮೇಲೆ. ಸರ್ವಿಸಸ್ ತಂಡದಲ್ಲಿ ಪಳಗಿ, ಕೆಲವೇ ವರ್ಷಗಳಲ್ಲಿ ದೇಶದ ನಾಯಕರಾದರು. ರಕ್ತವೇ ಆಟ ಕಲಿಸುವುದಾದರೆ ಸೇನೆಯ ಮೈದಾನದವರೆಗೆ ಅದು ಯಾಕೆ ಕಾಯಬೇಕಿತ್ತು? ಅಲ್ಲಿ ಬೆಳಗ್ಗೆದ್ದರೆ ಮೈದಾನವಿತ್ತು, ಸ್ಟಿಕ್ ಇತ್ತು, ತಿದ್ದುವವರಿದ್ದರು, ಎದುರಿಗೆ ಆಡಲು ತಂಡಗಳಿದ್ದವು.

ಇಲ್ಲಿ ನನ್ನ ಡ್ರಿಲ್ ಮಾಸ್ತರರನ್ನು ನೆನೆಯದೆ ಮುಂದೆ ಹೋಗಲಾರೆ. ನಮ್ಮ ಶಾಲೆಯಲ್ಲಿ ಹಾಕಿ ಸ್ಟಿಕ್ ಇದ್ದದ್ದು ಎರಡೇ. ಉಳಿದವರಿಗೆ ಮಾಸ್ತರರು ಹೊಲದ ಬದುವಿನಿಂದ ತುದಿ ಬಾಗಿದ ಜಾಲಿಕಟ್ಟಿಗೆ ಕಡಿದು, ಮುಳ್ಳು ಸವರಿ, ಹಿಡಿಗೆ ಹಳೆ ಬಟ್ಟೆ ಸುತ್ತಿ ಕೊಡುತ್ತಿದ್ದರು. ಸುಗ್ಗಿ ಮುಗಿದು ಬಯಲಾದ ಹೊಲವೇ ನಮ್ಮ ಮೈದಾನ. ಒಬ್ಬ ಹುಡುಗ, ನಮ್ಮ ಮನೆಯಲ್ಲಿ ಯಾರೂ ಆಡಿದವರಿಲ್ಲ ಎಂದು ಹಿಂಜರಿದಾಗ ಅವರು ಹೇಳಿದ್ದು: "ಲೇ ತಮ್ಮಾ, ನೀ ಯಾರ ಮನಿಯಾವ ಅಂತ ಚೆಂಡು ಕೇಳಂಗಿಲ್ಲ. ಬಗ್ಗಿ ಆಡು." ನನ್ನ ಇಡೀ ವಾದ ಆ ಒಂದು ಮಾತಿನಿಂದ ಹುಟ್ಟಿದ್ದು.

ಕೋಲು ಹಿಡಿದು ಶುರು ಮಾಡಿದವರು ನಾವಷ್ಟೇ ಅಲ್ಲ. ಕೊಡಗಿನ ಸೋಮವಾರಪೇಟೆಯ ಹಾಕಿ ಆಟಗಾರ ಎಸ್.ವಿ. ಸುನಿಲ್ ಕೂಡ ಬಿದಿರಿನ ಕೋಲು ಹಿಡಿದು ಆಟ ಶುರು ಮಾಡಿದವರು, ಬಡಗಿಯ ಮಗ. ಎರಡು ಒಲಿಂಪಿಕ್ಸ್ ಆಡಿದರು, 2014ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಅವರ ಬಿದಿರಿನ ಕೋಲಿನ ಸುದ್ದಿ ಓದಿದ ದಿನ ನನಗೆ ನಮ್ಮ ಜಾಲಿಕಟ್ಟಿಗೆ ನೆನಪಾಗಿ ಕಣ್ಣು ತುಂಬಿತು.

ಇನ್ನು ಗಣೇಶರ ನಾಯಕತ್ವದ ಆ ಬೆಳ್ಳಿಯ ಪಂದ್ಯಕ್ಕೆ ಬರುತ್ತೇನೆ: 1973ರ ಸೆಪ್ಟೆಂಬರ್ 2. ನೆದರ್ಲೆಂಡ್ಸ್‌ನ ಆಮ್ಸ್ಟೆಲ್‌ವೀನ್‌ನಲ್ಲಿ ವಿಶ್ವಕಪ್ ಫೈನಲ್. ಸುರ್ಜಿತ್ ಸಿಂಗ್ ಆರಂಭದಲ್ಲೇ ಎರಡು ಗೋಲು ಹೊಡೆದರು. ಆತಿಥೇಯರು ಎರಡನ್ನೂ ತೀರಿಸಿದರು. ಹೆಚ್ಚುವರಿ ಅವಧಿಯಲ್ಲಿ, ಒಂದು ಗೋಲು ಬಿದ್ದರೆ ಪಂದ್ಯವೇ ಮುಗಿಯುವ ಹೊತ್ತಿನಲ್ಲಿ, ಭಾರತಕ್ಕೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಹೊಡೆಯಲು ನಿಂತವರು ಬಿ.ಪಿ. ಗೋವಿಂದ. ನಾಯಕರೂ ಕೊಡಗಿನವರು, ಹೊಡೆಯುವವರೂ ಕೊಡಗಿನವರು. ಗೋಲಾಗಲಿಲ್ಲ. ಕೊನೆಗೆ ಪೆನಾಲ್ಟಿಗಳಲ್ಲಿ 4–2ರಿಂದ ಕಪ್ ಕೈತಪ್ಪಿತು.

ಗೋವಿಂದ ಎಂದರೆ ಇವತ್ತಿಗೂ ಆ ಒಂದು ಹೊಡೆತವನ್ನೇ ಎತ್ತುವವರಿದ್ದಾರೆ. ಅದು ಅನ್ಯಾಯ. ಎರಡೇ ವರ್ಷಕ್ಕೆ, 1975ರಲ್ಲಿ, ಕೌಲಾಲಂಪುರದಲ್ಲಿ ಪಾಕಿಸ್ತಾನವನ್ನು 2–1ರಿಂದ ಮಣಿಸಿ ವಿಶ್ವಕಪ್ ಗೆದ್ದ ತಂಡದಲ್ಲಿ ಅದೇ ಗೋವಿಂದ ಇದ್ದರು. ಆಟ ಹುಟ್ಟಿನಿಂದ ಬರುವುದು ಎಂದು ನಂಬಿದರೆ ಒಂದು ತಪ್ಪು ಮನುಷ್ಯನ ಮೇಲಿನ ತೀರ್ಪಾಗಿಬಿಡುತ್ತದೆ. ಆಟ ಕಲಿಕೆಯಿಂದ ಬರುವುದು ಎಂದು ನಂಬಿದರೆ ತಪ್ಪಿದವನಿಗೆ ಇನ್ನೊಂದು ಪಂದ್ಯ ಕೊಡುತ್ತೇವೆ. ಗಣೇಶ್ ಆಟ ಬಿಟ್ಟ ಮೇಲೆ ಹಿಡಿದದ್ದೂ ಕಲಿಸುವ ದಾರಿಯನ್ನೇ. 1988ರ ಸೋಲ್ ಒಲಿಂಪಿಕ್ಸ್‌ಗೆ ತಂಡದ ಕೋಚ್ ಅವರು, ನಾಯಕ ಎಂ.ಎಂ. ಸೋಮಯ್ಯ. ಅಲ್ಲಿ ಪದಕ ಬರಲಿಲ್ಲ. ಆದರೂ ಪದಕಗಳ ಪಟ್ಟಿಗಿಂತ ಈ ಕಲಿಸುವ ಕೆಲಸವೇ ಗಣೇಶರ ದೊಡ್ಡ ಆಸ್ತಿ ಎಂದು ನಾನು ನಂಬಿದ್ದೇನೆ.

ಇಷ್ಟು ಹೇಳಿಯೂ ನನ್ನ ಗೆಳೆಯರ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ಬಂದವು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಆಡಿ ಗಿನ್ನೆಸ್ ದಾಖಲೆಯಾಯಿತು. ಅಲ್ಲಿ ತಂಡ ಕಟ್ಟುವುದೇ ಮನೆತನದ ಹೆಸರಿನಲ್ಲಿ. ಅಜ್ಜ, ಮಗಳು, ಮೊಮ್ಮಗ ಒಂದೇ ಹೆಸರಿಗಾಗಿ ಓಡುತ್ತಾರೆ. ಹಾಗಾದರೆ ಮನೆತನವಿಲ್ಲದೆ ಆಟ ಉಳಿಯುತ್ತದೆಯೇ? ಮೈದಾನವೊಂದೇ ಸಾಕಾಗಿದ್ದರೆ, ಮೈದಾನವಿರುವ ಎಷ್ಟೋ ಊರುಗಳಲ್ಲಿ ಗಣೇಶ್ ಯಾಕೆ ಹುಟ್ಟಲಿಲ್ಲ? ಅವರು ಸೇನೆಗೆ ಸೇರದೇ ಹೋಗಿದ್ದರೆ? ನಮ್ಮ ಮಾಸ್ತರರ ಜಾಲಿಕಟ್ಟಿಗೆ ಹಿಡಿದವರಲ್ಲಿ ಒಬ್ಬರೂ ಜಿಲ್ಲಾ ತಂಡವನ್ನು ಮುಟ್ಟಲಿಲ್ಲ. ನಮಗೆ ಕಡಿಮೆಯಾದದ್ದು ಏನು? ಮಾಸ್ತರರು ಇದ್ದಿದ್ದರೆ ಅವರನ್ನೇ ಕೇಳುತ್ತಿದ್ದೆ.

ಉತ್ತರ ಸಿಗುವವರೆಗೆ ಕೈಕಟ್ಟಿ ಕೂರುವುದು ಬೇಡ. ನಿಮ್ಮ ಊರಿನ ಶಾಲೆಯ ಬಯಲನ್ನು ಒತ್ತುವರಿಗೆ ಬಿಡಬೇಡಿ. ಈ ಸಲದ ಜಾತ್ರೆಯ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಇಪ್ಪತ್ತೆರಡು ಸ್ಟಿಕ್ ತನ್ನಿ, ಎರಡು ತಂಡಕ್ಕೆ ಆಗುವಷ್ಟು. ಹುಡುಗಿಯರ ಕೈಗೂ ಕೊಡಿ. ಯಾರ ಮನೆಯ ಮಕ್ಕಳು ಎಂದು ಮಾತ್ರ ಕೇಳಬೇಡಿ.