ಡಾಕ್ಟ್ರ ಬೋರ್ಡು ಓದೋಣ



ನಮ್ಮ ಕೆಂಗಲ್ ಅಯ್ಯನಗುಡಿ ಜಾತ್ರೇಲಿ ಎತ್ತು ಕೊಳ್ಳುವಾಗ ಏನು ಮಾಡ್ತೀವಿ? ಬಾಯಿ ಬಿಡಿಸಿ ಹಲ್ಲು ನೋಡ್ತೀವಿ. ಸುಳಿ ನೋಡ್ತೀವಿ. ನಾಲ್ಕು ಹೆಜ್ಜೆ ನಡೆಸಿ ನೋಡ್ತೀವಿ. ಆದರೆ ನಮ್ಮ ಮೈಯನ್ನೇ ಒಪ್ಪಿಸುವ ಡಾಕ್ಟ್ರನ್ನು ಏನೂ ಕೇಳೋದಿಲ್ಲ. ಕೊರಳಲ್ಲಿ ಸ್ಟೆತಾಸ್ಕೋಪು ಇದ್ದರೆ ಆಯಿತು.

ನನಗೆ ಗೊತ್ತಿರುವ ಒಬ್ಬ ಅಜ್ಜಿಗೆ ಸಕ್ಕರೆ ಕಾಯಿಲೆ. ಸುಸ್ತು ಅಂತ ಹೋದರು. ಡಾಕ್ಟ್ರ ಓದು ಓದಿಲ್ಲದ ಒಬ್ಬಾತ ರಕ್ತ ಪರೀಕ್ಷೆ ಮಾಡಿಸದೆ ಗ್ಲೂಕೋಸ್ ಬಾಟ್ಲಿ ಏರಿಸಿದ. ಅಜ್ಜಿ ಎಚ್ಚರ ತಪ್ಪಿದರು. ದೊಡ್ಡ ಆಸ್ಪತ್ರೆಯಲ್ಲಿ ಎಂಟು ದಿನ ಇದ್ದು ಉಳಿದುಕೊಂಡರು. ಎರಡು ಹಸು ಮಾರಿದ ದುಡ್ಡು ಹೋಯಿತು.

ಸಕ್ಕರೆ, ಬಿ.ಪಿ., ಬಿಡದ ಜ್ವರ, ಉಬ್ಬಸ. ಇಂಥ ಒಳಗಿನ ಕಾಯಿಲೆಗೆ ಆಪರೇಷನ್ ಮಾಡದೆ ಔಷಧಿ ಕೊಡುವ ತಜ್ಞರಿಗೆ ಫಿಜಿಷಿಯನ್ ಅನ್ನುತ್ತಾರೆ. ಅವರು ಐದೂವರೆ ವರ್ಷ ಎಂ.ಬಿ.ಬಿ.ಎಸ್., ಆಮೇಲೆ ಮೂರು ವರ್ಷ ಎಂ.ಡಿ. ಓದಿರುತ್ತಾರೆ. ಬೋರ್ಡಿನಲ್ಲಿ ಎಂ.ಡಿ. ಕಂಡ ಕೂಡಲೇ ನಿಲ್ಲಬೇಡಿ, ಮುಂದಿನ ಪದ ಓದಿ. ಚರ್ಮಕ್ಕೂ ಎಂ.ಡಿ. ಇದೆ, ಮಕ್ಕಳ ಕಾಯಿಲೆಗೂ ಇದೆ, ಆಯುರ್ವೇದದಲ್ಲೂ ಇದೆ. ನಮಗೆ ಬೇಕಾದ ಪದ ‘ಜನರಲ್ ಮೆಡಿಸಿನ್’. ಹಾಗಂತ ನೆಗಡಿಗೆಲ್ಲ ಎಂ.ಡಿ. ಹುಡುಕಬೇಡಿ! ಮೊದಲು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಬೇಕಾದರೆ ಅವರೇ ಫಿಜಿಷಿಯನ್‌ಗೆ ಚೀಟಿ ಬರೆದು ಕಳಿಸುತ್ತಾರೆ.

ಬೋರ್ಡು ಬರೆಯುವವನು ನಾವು ಹೇಳಿದ್ದನ್ನೇ ಬರೀತಾನೆ. ಅದಕ್ಕೇ ನಂಬರು ನೋಡಬೇಕು. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ಬರೆಸಿದ ಡಾಕ್ಟ್ರಿಗೆ ಒಂದು ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಕ್ಲಿನಿಕ್ಕಿನಲ್ಲಿ, ಔಷಧಿ ಚೀಟಿಯಲ್ಲಿ, ರಸೀದಿಯಲ್ಲಿ ಹಾಕಬೇಕು ಅಂತ ೨೦೦೨ರ ನಿಯಮ ಇದೆ. ಮನೆಯ ಮಕ್ಕಳ ಕೈಗೆ ಮೊಬೈಲ್ ಕೊಡಿ. ಪರಿಷತ್ತಿನ ಪಟ್ಟಿ, ದೆಹಲಿಯ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಟ್ಟಿ ಎರಡೂ ಅದರಲ್ಲಿ ಸಿಗುತ್ತವೆ. ನಂಬರು ಒತ್ತಿದಾಗ ಬೇರೆಯವರ ಹೆಸರು ಬಂದರೆ ಅನುಮಾನ ಪಡಬೇಕು.

ಆಯುರ್ವೇದ, ಹೋಮಿಯೋಪಥಿ ಓದಿದವರೂ ಓದಿದವರೇ. ಅವರ ನೋಂದಣಿ ಬೇರೆ ಕಡೆ ಇರುತ್ತದೆ. ಆದರೆ ಯಾರು ಯಾವ ಔಷಧಿ ಓದಿದ್ದಾರೋ ಅದನ್ನೇ ಕೊಡಬೇಕು. ಮುಂಬೈಯಲ್ಲಿ ೧೯೯೨ರಲ್ಲಿ ಹೋಮಿಯೋಪಥಿ ಓದಿದ ಒಬ್ಬರು ಜ್ವರಕ್ಕೆ ಇಂಗ್ಲಿಷ್ ಔಷಧಿ ಕೊಟ್ಟರು. ರೋಗಿ ತೀರಿಹೋದರು. ಅವರ ಹೆಂಡತಿ ಸುಮ್ಮನೆ ಕೂರಲಿಲ್ಲ, ಸುಪ್ರೀಂ ಕೋರ್ಟಿನವರೆಗೂ ಹೋದರು. ೧೯೯೬ರಲ್ಲಿ ಕೋರ್ಟು ಆಕೆಗೆ ೩ ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ನೋಂದಣಿ ಇಲ್ಲದೆ ಡಾಕ್ಟ್ರ ಕೆಲಸ ಮಾಡಿದರೆ ೨೦೧೯ರ ಕಾಯ್ದೆ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ ೫ ಲಕ್ಷದವರೆಗೆ ದಂಡ, ಅಥವಾ ಎರಡೂ. ಅಂಥವರು ಕಂಡರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಅರ್ಜಿ ಬರೆಯಿರಿ. ಈಗ ಬರೆಯೋಕೆ ಬರುತ್ತಲ್ಲ!

“ಕೇಳಿದರೆ ಡಾಕ್ಟ್ರು ಬೈತಾರೆ ಮೇಷ್ಟ್ರೇ” ಅಂತ ಹಿಂದೆ ಕೂತ ಅಕ್ಕ ಹೇಳ್ತಿದ್ದಾರೆ. ಬಾಯಿ ಬಿಟ್ಟು ಕೇಳಬೇಕಾಗಿಲ್ಲ ಅಕ್ಕಾ. ಚೀಟಿ ಕೈಗೆ ಬಂದ ಮೇಲೆ ಓದಿದರೆ ಯಾರು ಬೈತಾರೆ? ನಾಳೆ ಬರುವಾಗ ಎಲ್ಲರೂ ಮನೆಯಲ್ಲಿರುವ ಹಳೇ ಔಷಧಿ ಚೀಟಿ ತನ್ನಿ. ನಂಬರು ಎಲ್ಲಿದೆ, ಹುಡುಕಿ ಓದೋಣ.